ಬಯಾಪ್ಸಿ ಮಾಡಿಸಿದರೆ ಕಿಡ್ನಿ ಹೋಗುತ್ತದಾ? ನಾನು ಬರೆದ ಸುದ್ದಿ ನನ್ನ ಮನೆಗೇ ಬಂದಾಗ

ಹೋದ ವರ್ಷ ಕಬ್ಬಿನ ಕಟಾವು ಶುರುವಾದ ಹೊತ್ತು. ನಮ್ಮ ವೈನಿಗೆ ಬೆಳಗ್ಗೆ ಎದ್ದರೆ ಕಣ್ಣಿನ ಸುತ್ತ ಬಾವು, ಸಂಜೆಯಾದರೆ ಕಾಲು ಊದಿ ಕಾಲುಂಗುರ ಒತ್ತುವುದು. ಮೂತ್ರದಲ್ಲಿ ಹಾಲು ಕರೆದಾಗ ಬರುವಂಥ ನೊರೆ. ಹದಿನೈದು ದಿನ ಯಾರಿಗೂ ಹೇಳಲಿಲ್ಲ. ಆಮೇಲೆ ರಾಯಬಾಗದಲ್ಲಿ ಯೂರಿನ್ ಟೆಸ್ಟ್ ಮಾಡಿಸಿದರೆ ಪ್ರೋಟೀನ್ ನಾಲ್ಕು ಪ್ಲಸ್. ಅಲ್ಲಿಯ ಡಾಕ್ಟರು ‘ಕಿಡ್ನಿ ಡಾಕ್ಟರಿಗೆ ತೋರಿಸಿ’ ಎಂದು ಚೀಟಿ ಬರೆದರು. ನಮ್ಮ ಕಡೆಯವರು ದೊಡ್ಡ ಕಾಯಿಲೆ ಅಂದರೆ ಹೋಗುವುದು ಎರಡೇ ದಿಕ್ಕಿಗೆ. ಒಂದು ಘಟಪ್ರಭಾ, ಗೋಕಾಕ ರೋಡ್ ದಾಟಿ ಬೆಳಗಾವಿ. ಇನ್ನೊಂದು ಕುಡಚಿ, ಉಗಾರ ದಾಟಿ ಮಿರಜ. ನಾವು ಮಿರಜದ ರೈಲು ಹತ್ತಿದೆವು.

ಅಲ್ಲಿಯ ಡಾಕ್ಟರು ಎಲ್ಲ ರಿಪೋರ್ಟ್ ನೋಡಿ, ‘ಬಯಾಪ್ಸಿ ಮಾಡಬೇಕು. ಸೂಜಿಯಿಂದ ಕಿಡ್ನಿಯ ಸಣ್ಣ ಚೂರು ತೆಗೆದು ನೋಡಬೇಕು’ ಅಂದರು. ಅಣ್ಣ ‘ಮನ್ಯಾಗ ಕೇಳಿ ಬರ್ತೀವ್ರಿ’ ಅಂದ. ವಾಪಸ್ ಬಂದೆವು.

ಮನೆಯಲ್ಲಿ ಸಭೆ ಸೇರಿತು. ಅಪ್ಪ, ಕಾಕಾ, ಅಣ್ಣ, ನಾನು. ಅವ್ವ ಬಾಗಿಲ ಬಳಿ. ವೈನಿ ಅಡುಗೆ ಮನೆಯಲ್ಲಿ. ಕಾಕಾ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದರು.

‘ಇಲ್ಲ್ ನೋಡ್ ತಮ್ಮಾ, ಪೇಪರಿನ್ಯಾಗ ಬಂದೈತಿ. ಬಯಾಪ್ಸಿ ಮಾಡಿಸ್ಕೊಂಡಂವಂದು ಕಿಡ್ನೀನ ಹೋಗೇತಿ. ಸೂಜಿ ಹಾಕಸಬ್ಯಾಡ್ರಿ.’

ವಾಟ್ಸಾಪಿನಲ್ಲಿ ಓಡಾಡುತ್ತಿದ್ದ ಆ ಪೇಪರ್ ತುಣುಕು ನನಗೆ ಗುರುತು ಸಿಕ್ಕಿತು. ‘ಬಯಾಪ್ಸಿ ಬಳಿಕ ಕಿಡ್ನಿ ವೈಫಲ್ಯ: ಸಂಬಂಧಿಕರ ಆರೋಪ’. ಎರಡು ವರ್ಷದ ಹಿಂದೆ ಅದನ್ನು ಕಳಿಸಿದವನು ನಾನೇ. ನಾಲ್ಕು ಸಾಲು. ಫೋನಿನಲ್ಲಿ ಸಂಬಂಧಿಕರೊಬ್ಬರು ಹೇಳಿದ್ದನ್ನು ಬರೆದಿದ್ದೆ. ಡಾಕ್ಟರನ್ನು ಕೇಳಿರಲಿಲ್ಲ, ರೋಗಿಯ ಫೈಲ್ ನೋಡಿರಲಿಲ್ಲ. ‘ಆರೋಪ’ ಎಂಬ ಒಂದು ಶಬ್ದ ಸೇರಿಸಿ, ಜವಾಬ್ದಾರಿ ಮುಗಿಯಿತು ಅಂದುಕೊಂಡಿದ್ದೆ.

ಈ ಬರಹ ಅದಕ್ಕಾಗಿ.

ಆ ಫೈಲಿನಲ್ಲಿ ಏನಿತ್ತು

ಮರುದಿನ ಬೈಕ್ ತೆಗೆದುಕೊಂಡು ಆ ಊರಿಗೆ ಹೋದೆ. ಅವರು ಮನೆಯಲ್ಲೇ ಇದ್ದರು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಕೈಯಲ್ಲಿ ಫಿಸ್ಟುಲಾದ ಗುರುತು. ಅವರ ಹೆಂಡತಿ ಚಹಾ ಕೊಟ್ಟು, ಕೇಳಿದ ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿದ್ದ ಫೈಲ್ ತಂದು ಎದುರಿಗಿಟ್ಟರು. ಎರಡು ವರ್ಷದ ಹಿಂದೆ ಕೇಳಿದ್ದರೂ ಕೊಡುತ್ತಿದ್ದರು.

ತಾರೀಖಿನ ಪ್ರಕಾರ ಕಾಗದ ಜೋಡಿಸಿದೆ. ಮೊದಲ ಸಲ ಆಸ್ಪತ್ರೆಗೆ ಹೋದಾಗ ಕ್ರಿಯೇಟಿನಿನ್ 2.1. ಅವತ್ತೇ ಚೀಟಿಯ ಮೇಲೆ ‘ಬಯಾಪ್ಸಿ ಮಾಡಿಸಲು ಹೇಳಲಾಗಿದೆ’ ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಮನೆಯವರು ಬೇಡ ಅಂದರು. ಮೂರು ತಿಂಗಳು ಅಲ್ಲಿ ಇಲ್ಲಿ ಔಷಧ ನಡೆಯಿತು. ಮತ್ತೆ ಹೋದಾಗ 5.6. ಆಗ ಬಯಾಪ್ಸಿ ಆಯಿತು. ಇಪ್ಪತ್ತು ದಿನದ ನಂತರ 7 ದಾಟಿತು, ಡಯಾಲಿಸಿಸ್ ಶುರುವಾಯಿತು.

ಕ್ರಿಯೇಟಿನಿನ್ ಅಂದರೆ ರಕ್ತದಲ್ಲಿ ಉಳಿಯುವ ಒಂದು ಕಸ. ಕಿಡ್ನಿ ಸರಿ ಇದ್ದರೆ ಅದನ್ನು ಹೊರಗೆ ಹಾಕುತ್ತದೆ. ದೊಡ್ಡವರಲ್ಲಿ ಸಾಮಾನ್ಯವಾಗಿ 0.6ರಿಂದ 1.2ರ ಆಸುಪಾಸು ಇರುತ್ತದೆ. ಕಿಡ್ನಿಯ ಶಕ್ತಿ ಅರ್ಧದಷ್ಟು ಕುಂದುವ ತನಕ ಈ ಸಂಖ್ಯೆ ಅಷ್ಟಾಗಿ ಏರುವುದಿಲ್ಲ. ಹಾಗಾದರೆ 2.1 ಇದ್ದಾಗಲೇ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. 5.6 ಅಂದಾಗ ಉಳಿದದ್ದು ಸ್ವಲ್ಪವೇ. ಕಿಡ್ನಿ ಇಳಿಯುತ್ತಾ ಬಂದದ್ದು ಸೂಜಿಗಿಂತ ಮೊದಲು. ಆದರೆ ಮನೆಯವರ ನೆನಪಿನಲ್ಲಿ ಉಳಿದದ್ದು ಸೂಜಿ. ರೋಗ ಕಣ್ಣಿಗೆ ಕಾಣುವುದಿಲ್ಲ, ಸೂಜಿ ಕಾಣುತ್ತದೆ.

ಆ ತಾಯಿ ಹೇಳಿದ್ದು ಇಷ್ಟೇ: ‘ನಮಗ್ಯಾರೂ ಹಿಂಗ್ ಕಾಗದ ಹಚ್ಚಿ ತೋರಿಸ್ಲಿಲ್ಲರೀ.’

ಬಯಾಪ್ಸಿಯಲ್ಲಿ ನಿಜವಾಗಿ ಏನು ಮಾಡುತ್ತಾರೆ

ನಾನು ಡಾಕ್ಟರಲ್ಲ. ಡಾಕ್ಟರುಗಳನ್ನು ಕೇಳಿ, ಓದಿ ತಿಳಿದದ್ದನ್ನು ಹೇಳುತ್ತೇನೆ.

ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸಣ್ಣ ಜರಡಿಗಳಿವೆ. ಡಾಕ್ಟರು ಅವನ್ನು ಗ್ಲೊಮೆರುಲಸ್ ಅನ್ನುತ್ತಾರೆ. ರಕ್ತ ಸೋಸುವುದು ಇವೇ. ಬಯಾಪ್ಸಿಯಲ್ಲಿ ರೋಗಿಯನ್ನು ಹೊಟ್ಟೆ ಕೆಳಗೆ ಮಾಡಿ ಮಲಗಿಸಿ, ಬೆನ್ನಿನ ಆ ಜಾಗವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಸೋನೋಗ್ರಫಿಯಲ್ಲಿ ಕಿಡ್ನಿ ನೋಡುತ್ತಾ, ಅದರ ಕೆಳತುದಿಗೆ ಸೂಜಿ ಹಾಕುತ್ತಾರೆ. ಉಸಿರು ಹಿಡಿಯಿರಿ ಅನ್ನುತ್ತಾರೆ, ಸ್ಟೇಪ್ಲರ್ ಒತ್ತಿದಂತೆ ‘ಟಕ್’ ಅನ್ನುತ್ತದೆ. ಹೊರಗೆ ಬರುವುದು ಹೊಲಿಗೆ ದಾರದ ತುಂಡಿನಂಥ ಚೂರು. ಉದ್ದ ಒಂದೆರಡು ಸೆಂಟಿಮೀಟರ್, ದಪ್ಪ ಒಂದು ಮಿಲಿಮೀಟರ್ ಆಸುಪಾಸು. ಸಾಮಾನ್ಯವಾಗಿ ಇಂಥ ಎರಡು ಚೂರು ತೆಗೆಯುತ್ತಾರೆ. ಎರಡರಲ್ಲೂ ಸೇರಿ ಇಪ್ಪತ್ತು ಮೂವತ್ತು ಜರಡಿ ಸಿಕ್ಕರೆ ಸಾಕು.

ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ: ಎಕರೆಗೆ ನಲವತ್ತು ಸಾವಿರ ಕಬ್ಬು ಅಂತ ಹಿಡಿಯಿರಿ. ಇಪ್ಪತ್ತೈದು ಎಕರೆ ಹೊಲದಲ್ಲಿ 10 ಲಕ್ಷ ಕಬ್ಬು. ಅದರಲ್ಲಿ ಇಪ್ಪತ್ತು ಮೂವತ್ತು ಕಬ್ಬು ಮುರಿದರೆ ಟನ್ ಕಡಿಮೆಯಾಗುತ್ತದಾ? ಇಲ್ಲ. ಆದರೆ ಆ ಮೂವತ್ತು ಕಬ್ಬು ಸೀಳಿ ನೋಡಿದರೆ ಒಳಗೆ ಕೆಂಪು ಕೊಳೆ ಇದೆಯೋ, ಹುಳ ಬಿದ್ದಿದೆಯೋ ಗೊತ್ತಾಗುತ್ತದೆ. ಹೊಲದ ಬದುವಿನ ಮೇಲೆ ನಿಂತು ಎಲೆ ಹಳದಿ ಆಗಿದೆ ಅಂತ ಕಂಡದ್ದಕ್ಕೆಲ್ಲ ಔಷಧ ಹೊಡೆದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಯೂರಿನ್ ಟೆಸ್ಟ್, ರಕ್ತ ಪರೀಕ್ಷೆ ಹೇಳುವುದು ಎಲೆ ಹಳದಿಯಾಗಿದೆ ಅಂತ ಮಾತ್ರ. ಒಂದೇ ಬಾವು, ಒಂದೇ ನೊರೆ, ಆದರೆ ಒಳಗಿನ ರೋಗ ಬೇರೆ ಬೇರೆ ಇರಬಹುದು. ಕೆಲವಕ್ಕೆ ಸ್ಟಿರಾಯ್ಡ್ ಬೇಕು, ಕೆಲವಕ್ಕೆ ಇನ್ನೂ ಜೋರಾದ ಔಷಧ ಬೇಕು, ಕೆಲವಕ್ಕೆ ಬಿಪಿ ಗುಳಿಗೆಯೇ ಮುಖ್ಯ. ಕೆಲವು ರೋಗಗಳಂತೂ ವಾರಗಳಲ್ಲಿ ಕಿಡ್ನಿಯನ್ನು ಮುಗಿಸಿಬಿಡುತ್ತವೆ. ಅಲ್ಲಿ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ. ನೋಡದೆ ಕೊಟ್ಟ ಸ್ಟಿರಾಯ್ಡ್ ಸಕ್ಕರೆ ಕಾಯಿಲೆ ತರಬಹುದು, ಎಲುಬು ಸವೆಸಬಹುದು, ಸೋಂಕು ತರಬಹುದು.

ಇದು ಹೊಸ ಪ್ರಯೋಗವೂ ಅಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಇವರ್ಸನ್ ಮತ್ತು ಬ್ರುನ್ ಎಂಬ ಇಬ್ಬರು ವೈದ್ಯರು ಸೂಜಿಯಿಂದ ಕಿಡ್ನಿ ಚೂರು ತೆಗೆಯುವ ವಿಧಾನವನ್ನು 1951ರಲ್ಲೇ ಪ್ರಕಟಿಸಿದ್ದರು. ಆಗ ಸೋನೋಗ್ರಫಿ ಇರಲಿಲ್ಲ. ಈಗ ಸೂಜಿ ಎಲ್ಲಿ ಹೋಗುತ್ತಿದೆ ಅಂತ ಪರದೆಯ ಮೇಲೆ ಕಾಣುತ್ತದೆ.

ಅಪಾಯ ಇಲ್ಲವೇ ಇಲ್ಲ ಅನ್ನುವುದಿಲ್ಲ

‘ಏನೂ ಆಗಲ್ಲ’ ಎಂದು ಬರೆದರೆ ಅದೂ ನನ್ನ ಹಳೆಯ ನಾಲ್ಕು ಸಾಲಿನಂಥ ತಪ್ಪೇ.

ಕಿಡ್ನಿ ತುಂಬ ರಕ್ತ ಓಡಾಡುತ್ತದೆ. ಹಾಗಾಗಿ ಬಯಾಪ್ಸಿಯ ನಿಜವಾದ ಅಪಾಯ ರಕ್ತಸ್ರಾವ. ಬೇರೆ ಬೇರೆ ದೇಶಗಳ 9 ಸಾವಿರಕ್ಕೂ ಹೆಚ್ಚು ಬಯಾಪ್ಸಿಗಳ ಲೆಕ್ಕ ಕೂಡಿಸಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಗಿದೆ. ಅದರ ಪ್ರಕಾರ ನೂರರಲ್ಲಿ ಮೂರು ನಾಲ್ಕು ಮಂದಿಗೆ ಕಣ್ಣಿಗೆ ಕಾಣುವಷ್ಟು ರಕ್ತ ಮೂತ್ರದಲ್ಲಿ ಬಂತು. ಹೆಚ್ಚಿನವರಲ್ಲಿ ಇದು ಒಂದೆರಡು ದಿನದಲ್ಲಿ ತಾನೇ ನಿಲ್ಲುತ್ತದೆ. ರಕ್ತ ಕೊಡಬೇಕಾಗಿ ಬಂದದ್ದು ನೂರರಲ್ಲಿ ಸುಮಾರು ಒಬ್ಬರಿಗೆ. ರಕ್ತ ನಿಲ್ಲದೆ ಕಿಡ್ನಿಯನ್ನೇ ತೆಗೆಯಬೇಕಾದ ಪ್ರಸಂಗ ಹತ್ತು ಸಾವಿರಕ್ಕೆ ಒಂದರಷ್ಟು. ಸಾವು ಹತ್ತು ಸಾವಿರಕ್ಕೆ ಎರಡರಷ್ಟು. ಕಡಿಮೆ ನಿಜ, ಸೊನ್ನೆ ಅಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ಕ್ರಿಯೇಟಿನಿನ್ 2 ಮತ್ತು ಅದಕ್ಕಿಂತ ಹೆಚ್ಚು ಇದ್ದವರಲ್ಲಿ ರಕ್ತ ಕೊಡಬೇಕಾದ ಪ್ರಸಂಗ ಹೆಚ್ಚು. ಅಂದರೆ ಹೆದರಿ ಮುಂದೂಡಿದಷ್ಟೂ ನಾವು ಹೆದರಿದ ಅಪಾಯವೇ ದೊಡ್ಡದಾಗುತ್ತದೆ.

ಅದಕ್ಕೇ ಮೊದಲು ಬಿಪಿ ಹತೋಟಿಗೆ ತರುತ್ತಾರೆ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಪ್ಲೇಟ್‌ಲೆಟ್ ಎಣಿಕೆ ಮಾಡುತ್ತಾರೆ. ಹೃದಯಕ್ಕೆ ಅಂತ ರಕ್ತ ತೆಳು ಮಾಡುವ ಗುಳಿಗೆ ನುಂಗುವವರು, ಮೈಕೈ ನೋವಿಗೆ ಮೆಡಿಕಲ್ ಅಂಗಡಿಯಿಂದ ಗುಳಿಗೆ ತರುವವರು ಇದನ್ನು ಮುಚ್ಚಿಡಬಾರದು. ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕು ಎಂದು ಡಾಕ್ಟರೇ ಹೇಳುತ್ತಾರೆ, ನೀವೇ ನಿಲ್ಲಿಸಬೇಡಿ. ಕಬ್ಬು ಕಡಿಯುವ, ಲೋಡ್ ಮಾಡುವ ನಮ್ಮ ಮಂದಿ ದಿನಾ ನುಂಗುವ ನೋವಿನ ಗುಳಿಗೆ ಕಿಡ್ನಿಗೆ ಎಂಥ ಪೆಟ್ಟು ಎಂಬುದು ಬೇರೆಯೇ ಕಥೆ. ಸೂಜಿಗೆ ಹೆದರುವ ನಾವು ಆ ಗುಳಿಗೆಗೆ ಹೆದರುವುದಿಲ್ಲ.

ಬಯಾಪ್ಸಿ ಆದ ಮೇಲೆ ಆರೆಂಟು ತಾಸು ಅಂಗಾತ ಮಲಗಬೇಕು. ಸಾಮಾನ್ಯವಾಗಿ ಒಂದು ರಾತ್ರಿ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುತ್ತಾರೆ, ಯಾಕೆಂದರೆ ತೊಂದರೆ ಆಗುವುದಿದ್ದರೆ ಹೆಚ್ಚಾಗಿ ಮೊದಲ 24 ತಾಸಿನಲ್ಲೇ ಆಗುತ್ತದೆ. ಒಂದೆರಡು ವಾರ ಭಾರ ಎತ್ತುವಂತಿಲ್ಲ. ಕೊಡಪಾನ, ಮೇವಿನ ಹೊರೆ, ಗೊಬ್ಬರದ ಚೀಲ ಎಲ್ಲ ಇದರಲ್ಲಿ ಬಂತು. ಟ್ರ್ಯಾಕ್ಟರ್ ಮೇಲಿನ ಕುಲುಕಾಟವೂ ಬೇಡ. ಮನೆಗೆ ಬಂದ ಮೇಲೆ ಮೂತ್ರದಲ್ಲಿ ರಕ್ತದ ಗಡ್ಡೆ ಬಂದರೆ, ಮೂತ್ರ ಕಟ್ಟಿದರೆ, ಪಕ್ಕೆಯಲ್ಲಿ ನೋವು ಜೋರಾದರೆ, ತಲೆ ಸುತ್ತಿದರೆ, ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ‘ಮುಂಜಾನೆ ನೋಡೋಣ’ ಅನ್ನಬಾರದು.

ಎಲ್ಲರಿಗೂ ಬೇಕಾಗಿಲ್ಲ

ಕಿಡ್ನಿ ತೊಂದರೆ ಅಂದಕೂಡಲೇ ಬಯಾಪ್ಸಿ ಅಂತೇನೂ ಇಲ್ಲ. ಸಣ್ಣ ಮಕ್ಕಳಿಗೆ ಮೈ ಊದಿ ಪ್ರೋಟೀನ್ ಹೋಗುತ್ತಿದ್ದರೆ ಸಾಮಾನ್ಯವಾಗಿ ಮೊದಲು ಸ್ಟಿರಾಯ್ಡ್ ಕೊಟ್ಟು ನೋಡುತ್ತಾರೆ, ಬಹಳಷ್ಟು ಮಕ್ಕಳು ಅದರಲ್ಲೇ ಚೇತರಿಸಿಕೊಳ್ಳುತ್ತಾರೆ. ಬಹಳ ವರ್ಷದ ಸಕ್ಕರೆ ಕಾಯಿಲೆಯಿಂದ ಕಣ್ಣಿಗೂ ಪೆಟ್ಟು ಬಿದ್ದು, ಕಿಡ್ನಿ ನಿಧಾನಕ್ಕೆ ಇಳಿಯುತ್ತಿದ್ದರೆ ಕಾರಣ ಬಹುತೇಕ ಗೊತ್ತೇ ಇರುತ್ತದೆ. ಸೋನೋಗ್ರಫಿಯಲ್ಲಿ ಎರಡೂ ಕಿಡ್ನಿ ಬತ್ತಿ ಸಣ್ಣದಾಗಿದ್ದರೆ ಬಯಾಪ್ಸಿಯಿಂದ ಲಾಭ ಕಡಿಮೆ, ಅಪಾಯ ಹೆಚ್ಚು. ಒಂದೇ ಕಿಡ್ನಿ ಇದ್ದವರ ವಿಷಯದಲ್ಲಿ ಬಹಳ ಯೋಚಿಸಿ ಮಾಡುತ್ತಾರೆ.

ಹಾಗಾಗಿ ಕೇಳಿ. ‘ಇದನ್ನು ಮಾಡಿದರೆ ನನ್ನ ಔಷಧದಲ್ಲಿ ಏನು ಬದಲಾಗುತ್ತದೆ? ಮಾಡದಿದ್ದರೆ ಏನಾಗಬಹುದು? ಈಗ ಕ್ರಿಯೇಟಿನಿನ್ ಎಷ್ಟಿದೆ? ರಕ್ತ ಬಂದರೆ ಇಲ್ಲೇ ನಿಲ್ಲಿಸುವ ವ್ಯವಸ್ಥೆ ಇದೆಯಾ? ಖರ್ಚು ಎಷ್ಟು, ಕಾರ್ಡ್ ನಡೆಯುತ್ತದಾ?’ ಈ ಐದು ಪ್ರಶ್ನೆ ಕೇಳುವುದು ಡಾಕ್ಟರಿಗೆ ಎದುರು ಮಾತಾಡಿದಂತಲ್ಲ. ಉತ್ತರ ಕೊಡದಿದ್ದರೆ ಇನ್ನೊಬ್ಬ ಕಿಡ್ನಿ ಡಾಕ್ಟರಿಗೆ ತೋರಿಸಿ. ಆದರೆ ಸುಮ್ಮನೆ ಮನೆಗೆ ಬಂದು ಕೂರಬೇಡಿ.

ಹೆದರಿಕೆ ದಡ್ಡತನವಲ್ಲ

ನಮ್ಮ ಮಂದಿಯ ಹೆದರಿಕೆಯನ್ನು ನಾನು ನಗೆಯಾಡುವುದಿಲ್ಲ. ಕಿಡ್ನಿ ಮಾರಾಟ ತಡೆಯಲು ದೇಶ 1994ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಬಡವರ ಕಿಡ್ನಿಗೆ ಬೆಲೆ ಕಟ್ಟಿದವರು ಇದ್ದರು ಎಂಬುದಕ್ಕೆ ಅದೇ ಸಾಕ್ಷಿ. ‘ಕಿಡ್ನಿಯಿಂದ ತುಂಡು ತೆಗೀತಾರಂತ’ ಅಂದಾಗ ಎದೆ ಝಲ್ ಅನ್ನುವುದು ಸಹಜ. ಆದರೆ ಸೂಜಿಯ ತೂತಿನಿಂದ ಕಿಡ್ನಿ ಹೊರಗೆ ಬರುವುದಿಲ್ಲ. ಇಷ್ಟನ್ನು ಹೇಳುವುದಕ್ಕೆ ಆಸ್ಪತ್ರೆಯಲ್ಲಿ ಒಬ್ಬರಾದರೂ ಬೇಕಲ್ಲ?

ನಮ್ಮ ಅಣ್ಣನ ಮುಂದೆ ಇಟ್ಟ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು, ಹಿಂದೆ ಮರಾಠಿ. ಮಿರಜ ಮಹಾರಾಷ್ಟ್ರ, ಮರಾಠಿ ಇರಲಿ. ಆದರೆ ಕರ್ನಾಟಕದೊಳಗಿನ ಆಸ್ಪತ್ರೆಗಳಲ್ಲೂ ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದವರು ನಿಮ್ಮ ಓಣಿಯಲ್ಲೇ ಸಿಗುತ್ತಾರೆ. ಓದಲಾಗದ ಕಾಗದಕ್ಕೆ ಹಾಕಿದ ಸಹಿಯನ್ನು ಒಪ್ಪಿಗೆ ಅನ್ನುವುದು ಹೇಗೆ? ನಾಳೆ ಏನಾದರೂ ಆದರೆ ಅದೇ ಕಾಗದ ಜಗಳದ ಕಾಗದ ಆಗುತ್ತದೆ.

ಇನ್ನೊಂದು ಮಾತು. ವೈನಿಗೆ ಮೂವತ್ತೆಂಟು ವರ್ಷ. ಒಪ್ಪಿಗೆ ಕೊಡಬೇಕಾದವರು ಅವರು. ಆದರೆ ಡಾಕ್ಟರು ಮಾತಾಡಿದ್ದು ಅಣ್ಣನ ಜೊತೆ, ಮನೆಯಲ್ಲಿ ಸಭೆ ಮಾಡಿದ್ದು ನಾವು ಗಂಡಸರು. ಅಡುಗೆ ಮನೆಗೆ ಹೋಗಿ ಯಾರೂ ಕೇಳಲಿಲ್ಲ. ಫೈಲ್ ನೋಡಿ ಬಂದ ದಿನ ನಾನು ಮೊದಲು ವೈನಿ ಮುಂದೆ ಕೂತು ಎಲ್ಲ ಹೇಳಿದೆ. ರಕ್ತ ಬರಬಹುದು ಎಂಬುದನ್ನೂ ಹೇಳಿದೆ. ಕೇಳಿಸಿಕೊಂಡು ಅಂದರು, ‘ಏನೈತಂತ ಗೊತ್ತಾಗ್ದ ಗುಳಿಗಿ ನುಂಗೂದಕಿಂತ ಗೊತ್ತ ಮಾಡ್ಕೊಂಡು ನುಂಗೂದ ಚಲೋ ಅಲ್ಲೇನೋ ತಮ್ಮಾ?’ ಅವ್ವ ಅಳುತ್ತಲೇ ಹೂಂ ಅಂದಳು.

ಆಮೇಲೆ

ಬಯಾಪ್ಸಿ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಮೊದಲ ಮೂತ್ರ ಸ್ವಲ್ಪ ಕೆಂಪಗಿತ್ತು, ಅಣ್ಣನ ಮುಖ ಬಿಳಚಿಕೊಂಡಿತು. ಸಂಜೆಗೆ ತಿಳಿಯಾಯಿತು. ರಿಪೋರ್ಟ್ ಬರಲು ಒಂದು ವಾರ. ಬಂದದ್ದು ‘ಮೆಂಬ್ರೇನಸ್’ ಎಂಬ ರೋಗ.

ಆಗ ಡಾಕ್ಟರು ಕೇಳಿದ ಪ್ರಶ್ನೆ ಕೇಳಿ ನಮಗೆ ಆಶ್ಚರ್ಯ. ‘ಮುಖಕ್ಕೆ ಏನು ಹಚ್ಚುತ್ತೀರಿ? ನಾಟಿ ಔಷಧ ಏನಾದರೂ?’ ವೈನಿ ಮೊಣಕಾಲು ನೋವಿಗೆ ಸಂತೆಯಲ್ಲಿ ಸಿಕ್ಕ ಒಂದು ಪುಡಿಯನ್ನು ಆರು ತಿಂಗಳಿಂದ ತಿನ್ನುತ್ತಿದ್ದರು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದೇ ಕಾರಣ ಎಂದು ಡಾಕ್ಟರು ಖಚಿತವಾಗಿ ಹೇಳಲಿಲ್ಲ, ನಿಲ್ಲಿಸಿ ಅಂದರು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥದೇ ರೋಗ ಹಲವರಲ್ಲಿ ಕಾಣಿಸಿಕೊಂಡಾಗ, ವೈದ್ಯರು ಹುಡುಕುತ್ತಾ ಹೋಗಿ ಮುಖ ಬೆಳ್ಳಗಾಗುವ ಕ್ರೀಮಿನಲ್ಲಿದ್ದ ಪಾದರಸದ ತನಕ ತಲುಪಿದ್ದರು. ಆ ಹುಡುಕಾಟಕ್ಕೆ ದಾರಿ ತೋರಿಸಿದ್ದು ಬಯಾಪ್ಸಿಯ ಚೂರುಗಳೇ.

ಬಯಾಪ್ಸಿಗೆ ಮೊದಲು ವೈನಿಯ ಕ್ರಿಯೇಟಿನಿನ್ 0.9. ಒಂದು ತಿಂಗಳ ನಂತರ 0.9. ಮೊನ್ನೆ ಮಾಡಿಸಿದಾಗಲೂ ಅದೇ. ಬಾವು ಇಳಿದಿದೆ, ಪ್ರೋಟೀನ್ ಇನ್ನೂ ಪೂರ್ತಿ ನಿಂತಿಲ್ಲ, ಔಷಧ ನಡೆದಿದೆ. ಒಬ್ಬರ ಮನೆಯ ಕಥೆಯಿಂದ ಎಲ್ಲ ಸಾಬೀತಾಗುವುದಿಲ್ಲ. ಆದರೆ ಒಬ್ಬರ ಕಥೆಯಿಂದ ಹುಟ್ಟಿದ ಹೆದರಿಕೆಗೆ ಇದನ್ನೂ ಪಕ್ಕದಲ್ಲಿಟ್ಟು ನೋಡಿ ಅಂತ ಹೇಳುತ್ತಿದ್ದೇನೆ.

ಆಗಬೇಕಾದದ್ದು

ಡಯಾಲಿಸಿಸ್ ಈಗ ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಗಳ ತನಕ ಬಂದಿದೆ. ಒಳ್ಳೆಯದೇ. ಆದರೆ ಡಯಾಲಿಸಿಸ್ ಅಂದರೆ ಕಿಡ್ನಿ ಹೋದ ಮೇಲಿನ ಮಾತು. ಹೋಗುವ ಮುಂಚೆ ಯಾಕೆ ಹೋಗುತ್ತಿದೆ ಎಂದು ನೋಡುವ ವ್ಯವಸ್ಥೆ ಇನ್ನೂ ದೂರದ ಶಹರದಲ್ಲೇ ಇದೆ. ಚೂರು ತೆಗೆಯುವ ತಜ್ಞರು ಬೇಕು, ಅದನ್ನು ಓದುವ ಲ್ಯಾಬ್ ಬೇಕು. ತಾಲ್ಲೂಕಿಗೆ ತನ್ನಿ ಎಂದು ಕೇಳುವುದು ಆಗದ ಮಾತು. ಆದರೆ ಜಿಲ್ಲಾ ಮಟ್ಟದ ಸರಕಾರಿ ಆಸ್ಪತ್ರೆಗಳಲ್ಲಿ ಇದು ನಿಯಮಿತವಾಗಿ, ಕಾರ್ಡಿನ ಮೇಲೆ, ತಡವಿಲ್ಲದೆ ಸಿಗಬೇಕು ಎಂದು ಕೇಳುವುದು ತಪ್ಪಲ್ಲ.

ಅದಕ್ಕಿಂತ ಸುಲಭದ ಕೆಲಸವೂ ಇದೆ. ಗರ್ಭಿಣಿಯರ ಮೂತ್ರವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಪಟ್ಟಿ ಅದ್ದಿ ನೋಡುತ್ತಾರೆ. ಅದೇ ಪಟ್ಟಿ ಬಿಪಿ, ಸಕ್ಕರೆ ಇದ್ದವರಿಗೆ, ಮುಖ ಊದಿ ಬಂದವರಿಗೆ, ದಿನಾ ನೋವಿನ ಗುಳಿಗೆ ನುಂಗುವ ಕೂಲಿಕಾರರಿಗೆ ಹಾಕಿದರೆ ರೋಗ ಮೊದಲೇ ಸಿಗುತ್ತದೆ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ಓದಿ ಹೇಳುವುದಕ್ಕೆ ಯಾವ ಯಂತ್ರವೂ ಬೇಕಾಗಿಲ್ಲ.

ಇನ್ನು ನಮ್ಮಂಥ ವರದಿಗಾರರು. ಒಂದು ಸುದ್ದಿಗೆ ಸಿಗುವ ದುಡ್ಡು ಪೆಟ್ರೋಲಿಗೂ ಸಾಲದು ಎಂಬುದು ನಿಜ. ಆದರೆ ಆಸ್ಪತ್ರೆಯ ಮೇಲಿನ ಆರೋಪ ಬರೆಯುವ ಮುಂಚೆ ಫೈಲಿನ ತಾರೀಖು ಜೋಡಿಸಿ ನೋಡುವುದಕ್ಕೆ ಅರ್ಧ ತಾಸು ಸಾಕು. ತಪ್ಪು ಆಸ್ಪತ್ರೆಯದೇ ಆಗಿದ್ದರೆ ಆಗ ಇನ್ನೂ ಗಟ್ಟಿಯಾಗಿ ಬರೆಯಬಹುದು. ನಾನು ಆ ಅರ್ಧ ತಾಸು ಉಳಿಸಿದ್ದೆ. ಆ ತುಣುಕು ನೋಡಿ ಎಷ್ಟು ಮನೆಯವರು ‘ಬ್ಯಾಡ’ ಅಂದರೋ ನನಗೆ ಗೊತ್ತಾಗುವ ದಾರಿಯಿಲ್ಲ.

ನನ್ನ ಹಳೆಯ ಸುದ್ದಿಯ ತಿದ್ದುಪಡಿ ಇದು. ಆ ತುಣುಕು ನಿಮ್ಮ ಗ್ರೂಪಿಗೂ ಬಂದಿದ್ದರೆ, ಅದೇ ಗ್ರೂಪಿಗೆ ಇದನ್ನೂ ಕಳಿಸಿ.